ಸಿಂಹದ ಕಾಲಡಿಯ ಹುಲಿ | ಚಿತ್ರದೊಳಗಿನ ಚರಿತ್ರೆ, ಭಾಗ 6

ಮೊದಲ ಚಿತ್ರ ನೋಡಿ. ಅದೊಂದು ಪದಕ. ಸಿಂಹವೊಂದು ಹುಲಿಯನ್ನ ನೆಲಕ್ಕೆ ಕೆಡವಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತಲ್ಲ, ಅದರ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿ ತನ್ನ ಪರ ಹೋರಾಡಿದವರಿಗೆ ಕೊಟ್ಟಿದ್ದು ಇದು. ವಿನ್ಯಾಸ ಕುಚ್ಲರ್ ಅನ್ನೋ ಕಲಾವಿದನದು. ಸಿಂಹ ಅಂದ್ರೆ ಬ್ರಿಟನ್, ಹುಲಿ ಅಂದ್ರೆ ಟಿಪ್ಪು.

ಹುಲಿಯನ್ನ ತನ್ನ ಗುರುತು ಮಾಡಿಕೊಂಡಿದ್ದು ಟಿಪ್ಪುವೇ. ಸಿಂಹಾಸನದಲ್ಲಿ ಹುಲಿ, ಸೈನಿಕರ ಬಟ್ಟೆ ಮೇಲೆ ಹುಲಿ ಪಟ್ಟೆ. ಬಿಳಿಯನ ಮೇಲೆ ಎರಗಿರೋ ಅವನ ಮರದ ಹುಲಿ ಇವತ್ತಿಗೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಪದಕ ಮಾಡಿದವರು ಅದೇ ಕಥೆಯನ್ನ ತಿರುವು ಮುರುವು ಮಾಡಿದ್ರು.

ಆದ್ರೆ ಶ್ರೀರಂಗಪಟ್ಟಣದಲ್ಲಿ ನಿಜವಾದ ಹುಲಿಗಳೂ ಇದ್ವು, ಟಿಪ್ಪು ಸಾಕಿದ್ದವು. ಅವಕ್ಕೆ ತಿನ್ನೋಕೆ ಏನೂ ಇಲ್ಲ, ನೋಡಿಕೊಳ್ಳೋರೂ ಇಲ್ಲ, ಯಾರಾದ್ರೂ ಕರೆಸಿಕೊಳ್ಳದಿದ್ರೆ ಗುಂಡು ಹೊಡೆಸಬೇಕಾಗುತ್ತೆ ಅಂತ ಆರ್ಥರ್ ವೆಲ್ಲೆಸ್ಲಿ ಪತ್ರ ಬರೆದ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ್ದು ಇದೇ ವೆಲ್ಲೆಸ್ಲಿ. ಪದಕದಲ್ಲಿ ಹುಲಿ ಒಬ್ಬ ಸುಲ್ತಾನ. ಬೋನಿನಲ್ಲಿ ಅದು ಹಸಿದ ಪ್ರಾಣಿ. ಕಲಾವಿದರು ಕೆತ್ತಿದ್ದು ಸುಲ್ತಾನನನ್ನ ಮಾತ್ರ.

ಎರಡನೇ ಚಿತ್ರ 1807ರ 'ಓರಿಯೆಂಟಲ್ ಫೀಲ್ಡ್ ಸ್ಪೋರ್ಟ್ಸ್' ಪುಸ್ತಕದ್ದು. ಬಂಗಾಳದ ಸೇನೆಯಲ್ಲಿದ್ದ ಥಾಮಸ್ ವಿಲಿಯಮ್ಸನ್ ಬರೆದಿದ್ದು. ಅವನ ರೇಖಾಚಿತ್ರಗಳ ಆಧಾರದ ಮೇಲೆ ಸ್ಯಾಮ್ಯುಯೆಲ್ ಹೋವಿಟ್ 40 ಚಿತ್ರ ಮಾಡಿಕೊಟ್ಟ. ಆನೆ, ಬಂದೂಕು, ಮೂಲೆಗೆ ಸಿಕ್ಕಿಬಿದ್ದ ಹುಲಿ. ಯುದ್ಧ ಬೇರೆ ಬೇಟೆ ಬೇರೆ ಅನ್ನೋ ಗೆರೆ ಇಲ್ಲಿ ಅಳಿಸಿಹೋಗಿದೆ. ಕಾಡಿನಲ್ಲಿ ಹುಲಿ ಹೊಡೆಯೋದೂ ನಾಡು ಗೆದ್ದ ಹಾಗೇ ಕಾಣುತ್ತೆ.

ಮೂರನೇದು 1857ರ ಆಗಸ್ಟ್ 22ರ 'ಪಂಚ್' ಪತ್ರಿಕೆಯ ವ್ಯಂಗ್ಯಚಿತ್ರ. ಬರೆದವನು ಜಾನ್ ಟೆನಿಯಲ್. ಹೌದು, 'ಆಲಿಸ್ ಇನ್ ವಂಡರ್‌ಲ್ಯಾಂಡ್'ಗೆ ಚಿತ್ರ ಬರೆದವನೇ! ಹೆಂಗಸು, ಮಗುವಿನ ಮೇಲೆ ನಿಂತ ಬಂಗಾಳದ ಹುಲಿ, ಅದರ ಮೇಲೆ ನೆಗೆಯೋ ಸಿಂಹ. ದಂಗೆ ಎದ್ದ ಸಿಪಾಯಿಗಳೇ ಇಲ್ಲಿ ಹುಲಿ. ಸಿಪಾಯಿಗಳು ಯಾಕೆ ದಂಗೆ ಎದ್ರು ಅನ್ನೋ ಪ್ರಶ್ನೆಗೆ ಚಿತ್ರದಲ್ಲಿ ಜಾಗವೇ ಇಲ್ಲ. ಕ್ರೂರಮೃಗಕ್ಕೆ ಕಾರಣ ಯಾರು ಕೇಳ್ತಾರೆ?

ಈಗ ಲೆಕ್ಕಕ್ಕೆ ಬನ್ನಿ. ಬ್ರಿಟಿಷ್ ಸರ್ಕಾರ ಹುಲಿ, ಚಿರತೆ, ತೋಳಗಳನ್ನ ಕೊಂದವರಿಗೆ ತಲೆಗಿಷ್ಟು ಅಂತ ಇನಾಮು ಕೊಡ್ತಿತ್ತು. 1875ರಿಂದ 1925ರವರೆಗಿನ 50 ವರ್ಷದಲ್ಲಿ 80,000ಕ್ಕೂ ಹೆಚ್ಚು ಹುಲಿಗಳು ಸತ್ತವು ಅಂತ ಇತಿಹಾಸಕಾರ ಮಹೇಶ್ ರಂಗರಾಜನ್ ಅಂದಾಜು ಮಾಡಿದ್ದಾರೆ. ಚಿರತೆ ಒಂದೂವರೆ ಲಕ್ಷಕ್ಕಿಂತ ಹೆಚ್ಚು, ತೋಳ ಎರಡು ಲಕ್ಷ.

ಇಷ್ಟೂ ಸಾವಿಗೆ ಚಿತ್ರಗಳೇ ಕಾರಣ ಅಂತ ನಾನು ಹೇಳ್ತಿಲ್ಲ. ಬಂದೂಕು, ಇನಾಮು, ಕಾಡು ಕಡಿದು ಮಾಡಿದ ಹೊಲ, ಎಲ್ಲಾ ಸೇರಿತ್ತು. ಹುಲಿಗೆ ಹೆದರಿ ಬದುಕಿದ ಹಳ್ಳಿಯವರೂ ಇದ್ರು. ಆದ್ರೆ ಒಂದು ಪ್ರಾಣಿಯನ್ನ ಮತ್ತೆ ಮತ್ತೆ ಶತ್ರು ಅಂತಲೇ ಬರೆದ್ರೆ, ಅದು ಸತ್ತಾಗ ನೋಡೋರಿಗೆ ನೋವಾಗಲ್ಲ, ಗೆದ್ದ ಖುಷಿ ಆಗುತ್ತೆ. ಚಿತ್ರ ಮಾಡಿದ ಕೆಲಸ ಅದು.

1973ರಲ್ಲಿ ಪ್ರಾಜೆಕ್ಟ್ ಟೈಗರ್ ಶುರುವಾದಾಗ ಮೊದಲ 9 ಮೀಸಲು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. 2022ರ ಗಣತಿ ಪ್ರಕಾರ ಕರ್ನಾಟಕದಲ್ಲಿ 563 ಹುಲಿಗಳಿವೆ.

ಮುಂದಿನ ಸಲ ಮ್ಯೂಸಿಯಂನಲ್ಲೋ ರೆಸಾರ್ಟ್ ಗೋಡೆ ಮೇಲೋ ಹಳೇ ಬೇಟೆಯ ಚಿತ್ರ ಕಂಡ್ರೆ ಒಂದ್ ನಿಮಿಷ ನಿಲ್ಲಿ. ಇದನ್ನ ಬರೆಸಿದವರು ಯಾರು ಅಂತ ಕೇಳಿ. ಆಮೇಲೆ ಹುಲಿಯನ್ನ ನೋಡಿ.

#ಚಿತ್ರದೊಳಗಿನಚರಿತ್ರೆ #ಶ್ರೀರಂಗಪಟ್ಟಣ #ಹುಲಿ