ಜಮಾದಾರನಿಂದ ಅಗ್ನಿವೀರನವರೆಗೆ: ಸೇನೆಯ ನಡುಹಂತದ ನಾಯಕತ್ವ ಬೆಳೆದ ದಾರಿ

ಸೇನೆಯ ಬಗ್ಗೆ ಬರೆಯುವವರಲ್ಲಿ ಈಚೆಗೆ ಒಂದು ವಾದ ಬಲವಾಗಿ ಕೇಳಿಬರುತ್ತಿದೆ. ಹವಾಲ್ದಾರ, ಸುಬೇದಾರ ಎಂಬ ನಡುಹಂತವನ್ನು ಬ್ರಿಟಿಷರು ತಮ್ಮ ಅನುಕೂಲಕ್ಕೆ ಕಟ್ಟಿಕೊಂಡರಂತೆ. ಸಿಪಾಯಿಯ ಭಾಷೆ ಬಾರದ ಬಿಳಿಯ ಅಧಿಕಾರಿಗೆ ಒಬ್ಬ ದುಭಾಷಿ ಬೇಕಿತ್ತು, ಆ ಕೆಲಸಕ್ಕೆ ಈ ಹಂತದವನನ್ನು ಇಟ್ಟುಕೊಂಡರಂತೆ. ಈಗ ಜವಾನರು ಪಿಯುಸಿ, ಪದವಿ ಮುಗಿಸಿ ಬರುತ್ತಾರೆ, ಅಧಿಕಾರಿಗಳೂ ನಮ್ಮವರೇ, ಹಾಗಾಗಿ ಈ ಹಂತದ ಅಗತ್ಯ ತೀರಿತು ಎಂಬ ತೀರ್ಮಾನಕ್ಕೆ ಅವರು ಬರುತ್ತಾರೆ. ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ಗೆ ರಂಗರೂಟನಾಗಿ ಸೇರಿ, ಸುಬೇದಾರನಾಗಿ ನಿವೃತ್ತನಾಗಿ, ಪಾಲಹಳ್ಳಿಗೆ ಮರಳಿರುವ ನನಗೆ ಇದು ಒಪ್ಪಿಗೆಯಿಲ್ಲ. ಒಪ್ಪದಿರಲು ಮೊದಲ ಕಾರಣ ನಮ್ಮೂರಿನ ಪಕ್ಕದ ಶ್ರೀರಂಗಪಟ್ಟಣದ ಕೋಟೆಯಲ್ಲೇ ಸಿಗುತ್ತದೆ.

ಹೈದರಾಲಿ ದೊಡ್ಡ ಪದವಿಯಿಂದ ಶುರು ಮಾಡಿದವನಲ್ಲ. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಮೇಲಿನವರ ಕಣ್ಣಿಗೆ ಬಿದ್ದ ಮೇಲೆ ಅವನಿಗೆ ಸಿಕ್ಕಿದ್ದು 50 ಕುದುರೆ ಮತ್ತು 200 ಕಾಲಾಳುಗಳ ಮೇಲಿನ ಅಧಿಕಾರ. ದಿಂಡಿಗಲ್ಲಿನ ಫೌಜುದಾರಿಕೆ, ಆಮೇಲೆ ರಾಜ್ಯದ ಆಡಳಿತ ಎಲ್ಲವೂ ಅದರ ನಂತರದ ಮಾತು. ಟಿಪ್ಪುವಿನ ಕಾಲಕ್ಕೆ ಸೈನ್ಯಕ್ಕೆ ಲಿಖಿತ ಕೈಪಿಡಿಯೇ ಬಂತು. ಜೈನುಲ್ ಆಬಿದೀನ್ ಶುಸ್ತರಿ ಪಾರ್ಸಿಯಲ್ಲಿ ಬರೆದ ‘ಫತ್‌ಹುಲ್ ಮುಜಾಹಿದೀನ್’ನಲ್ಲಿ ಕವಾಯತು, ಶ್ರೇಣಿ, ಕರ್ತವ್ಯಗಳ ವಿವರಗಳಿವೆ. ಸಿಪಹದಾರ, ರಿಸಾಲದಾರ, ಜೌಕ್‌ದಾರ ಎಂದು ಮೇಲಿನಿಂದ ಇಳಿಯುತ್ತಾ ಬಂದರೆ ಜಮಾದಾರ, ದಫೇದಾರ ಸಿಗುತ್ತಾರೆ. ಅಲ್ಲಿ ಬಿಳಿಯ ಅಧಿಕಾರಿ ಇರಲಿಲ್ಲ, ದುಭಾಷಿಯ ಅಗತ್ಯವೂ ಇರಲಿಲ್ಲ. ಆದರೂ ಜಮಾದಾರ ಬೇಕಾಗಿದ್ದ. ಯಾವ ಸೈನ್ಯದಲ್ಲೇ ಆಗಲಿ, ನೂರು ಜನರ ತುಕಡಿಯಲ್ಲಿ ಪ್ರತಿಯೊಬ್ಬನ ಹೆಸರು, ಊರು, ಜ್ವರ, ಭಯ ಗೊತ್ತಿರುವ ಒಬ್ಬ ಬೇಕೇ ಬೇಕು. ಹಳೇ ಮೈಸೂರಿನ ಕಂದಾಚಾರದ ಕಾಲಾಳುಗಳೂ ಊರಿನಲ್ಲೇ ಇದ್ದುಕೊಂಡು, ಹೊಲ ಉಳುತ್ತಾ, ಕರೆ ಬಂದಾಗ ಹೊರಡುತ್ತಿದ್ದವರು. ಅವರನ್ನು ಹೊರಡಿಸುತ್ತಿದ್ದ ಸಣ್ಣ ಮುಖ್ಯಸ್ಥರ ಹೆಸರುಗಳು ಕಥನಗಳಲ್ಲಿ ಉಳಿದೇ ಇಲ್ಲ.

ಈಸ್ಟ್ ಇಂಡಿಯಾ ಕಂಪನಿಯವರು ಮದ್ರಾಸಿನಲ್ಲಿ ಸಿಪಾಯಿ ಪಡೆ ಕಟ್ಟಿದಾಗ ಈ ಶ್ರೇಣಿಗಳನ್ನು ದೇಶೀ ಸೈನ್ಯಗಳಿಂದಲೇ ಎತ್ತಿಕೊಂಡರು. ಅವರು ಹೊಸದಾಗಿ ಸೇರಿಸಿದ್ದು ಒಂದು ಮಿತಿಯನ್ನು: ಎಷ್ಟೇ ಹಳೆಯ ಸುಬೇದಾರನಾದರೂ ನಿನ್ನೆ ಮೊನ್ನೆ ಹಡಗಿನಿಂದಿಳಿದ ಹುಡುಗ ಅಧಿಕಾರಿಗಿಂತ ಕೆಳಗೇ ನಿಲ್ಲಬೇಕು. ಆ ಮಿತಿ ತಂದ ಅನಾಹುತಕ್ಕೆ ವೆಲ್ಲೂರೇ ಸಾಕ್ಷಿ. ಸಿಪಾಯಿಗಳು ಹೊಸ ಬಗೆಯ ಪೇಟ ಧರಿಸಬೇಕೆಂಬ ಆಜ್ಞೆಯ ಬಗ್ಗೆ ಕೆಳಗಿನಿಂದ ಬಂದ ಅಸಮಾಧಾನವನ್ನು ಮೇಲಿನವರು ಶಿಕ್ಷೆಯಿಂದ ಅಡಗಿಸಿದರು. 1806ರ ಜುಲೈ 10ರ ಬೆಳಗಿನ ಜಾವ ಕೋಟೆಯೊಳಗೆ ದಂಗೆ ಸಿಡಿಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು ಇರಿಸಿದ್ದ ಕೋಟೆಯೂ ಅದೇ. ನಡುಹಂತದವನ ಮಾತಿಗೆ ಬೆಲೆಯಿಲ್ಲದ ಸೈನ್ಯಕ್ಕೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹಳೆಯ ಪಾಠ ದಕ್ಷಿಣದಲ್ಲಿ ಬೇಕಿಲ್ಲ.

ದುಭಾಷಿ ವಾದಕ್ಕೆ ಎರಡನೆಯ ಉತ್ತರ ಮೈಸೂರು ಲ್ಯಾನ್ಸರ್ಸ್. ಸಂಸ್ಥಾನದ ಈ ಕುದುರೆ ಪಡೆಯಲ್ಲಿ ಅಧಿಕಾರಿಗಳು ಮೈಸೂರಿನವರೇ, ಬ್ರಿಟಿಷರು ಇದ್ದದ್ದು ಸಲಹೆಗಾರರಾಗಿ. ಆದರೂ ರಿಸಾಲದಾರ, ಜಮಾದಾರ, ದಫೇದಾರರ ಸಾಲು ಇದ್ದೇ ಇತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದ ಲ್ಯಾನ್ಸರ್ಸ್ ಊರಿನತ್ತ ನುಗ್ಗಿದರೆ, ಮೈಸೂರಿನ ಒಂದು ಸ್ಕ್ವಾಡ್ರನ್ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳ ಮೇಲೆ ಬಿತ್ತು. ಆ ಹಾದಿ ಕಡಿದಾದ ಕಲ್ಲುಹಾದಿ, ಕುದುರೆಗಳು ಬಳಲಿ ಹಿಂದೆ ಉಳಿಯುತ್ತವೆ, ಸಾಲು ಮುರಿಯುತ್ತದೆ. ಅಂಥ ಜಾಗದಲ್ಲಿ ಸ್ಕ್ವಾಡ್ರನ್ ಕಮಾಂಡರನ ಕೂಗು ಹಿಂದಿನವರಿಗೆ ಕೇಳುವುದಿಲ್ಲ. ಎಂಟು ಹತ್ತು ಸವಾರರನ್ನು ಒಟ್ಟಿಗೆ ಹಿಡಿದಿಟ್ಟು ಮುಂದೆ ಒಯ್ಯುವವನು ದಫೇದಾರ. ಬೆಂಗಳೂರಿನ ಜೆ.ಸಿ. ನಗರದ ಸ್ಮಾರಕದಲ್ಲೂ ದೆಹಲಿಯ ತೀನ್ ಮೂರ್ತಿಯಲ್ಲೂ ಈ ಪಡೆಗೆ ಗೌರವ ಸಂದಿದೆ. ಆದರೆ ಹೈಫಾ ಕುರಿತ ಕನ್ನಡದ ಭಾಷಣಗಳಲ್ಲಿ ನಾನು ಕೇಳಿರುವುದು ಅರಸರ ಮತ್ತು ಕರ್ನಲ್‌ಗಳ ಹೆಸರುಗಳನ್ನು ಮಾತ್ರ. 1953ರಲ್ಲಿ ಲ್ಯಾನ್ಸರ್ಸ್ 61ನೇ ಕ್ಯಾವಲ್ರಿಯಲ್ಲಿ ಸೇರಿಹೋಯಿತು. ಮೈಸೂರು ಇನ್‌ಫೆಂಟ್ರಿಯ ಕಥೆ ಇನ್ನೂ ನೋವಿನದು. 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಅದರ ಒಂದು ಬೆಟಾಲಿಯನ್ ಸೆರೆಯಾಯಿತು. ಸೆರೆಶಿಬಿರದಲ್ಲಿ ಹಸಿವು, ರೋಗಗಳ ನಡುವೆ ಜನರನ್ನು ಒಗ್ಗೂಡಿಸಿಟ್ಟವರ ಬಗ್ಗೆ ಒಂದು ಪುಸ್ತಕ ಕನ್ನಡದಲ್ಲಿ ನನ್ನ ಕೈಗೆ ಸಿಕ್ಕಿಲ್ಲ.

ಇನ್ನು ನಾನು ಬಲ್ಲ ಸ್ಯಾಪರ್ಸ್. 1780ರಲ್ಲಿ ಮದ್ರಾಸಿನಲ್ಲಿ ಎರಡು ಪಯೋನಿಯರ್ ಕಂಪನಿಗಳಾಗಿ ಹುಟ್ಟಿದ ಈ ಪಡೆ ಮೊದಲು ಕಾದಾಡಿದ್ದು ನಮ್ಮ ಹೈದರ್ ಮತ್ತು ಟಿಪ್ಪುವಿನ ವಿರುದ್ಧವೇ. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಂಗಳೂರಿಗೆ ಬಂದು ನೆಲೆಯೂರಿತು. ಸ್ಯಾಪರ್‌ಗಳ ನಾಯಕತ್ವ ಕಾಲಾಳುಗಳದ್ದಕ್ಕಿಂತ ಬೇರೆ ಬಗೆಯದು ಎಂಬುದು ನನ್ನ ದೃಢ ನಂಬಿಕೆ. ನಮ್ಮಲ್ಲಿ ಹವಾಲ್ದಾರ ಜನರನ್ನೂ ಬಲ್ಲವನಾಗಿರಬೇಕು, ಕೆಲಸವನ್ನೂ ಬಲ್ಲವನಾಗಿರಬೇಕು. ಒಂದರಲ್ಲಿ ಸೋತರೆ ಇನ್ನೊಂದು ಕಾಪಾಡುವುದಿಲ್ಲ.

ಬೈಲಿ ಸೇತುವೆಯನ್ನೇ ನೋಡಿ. ಹತ್ತು ಅಡಿ ಉದ್ದದ ಒಂದು ಉಕ್ಕಿನ ಪ್ಯಾನೆಲ್ ಸುಮಾರು 260 ಕಿಲೋ ತೂಗುತ್ತದೆ, ಆರು ಜನ ಹೊರಬೇಕು. ಆರರಲ್ಲಿ ಒಬ್ಬ ಹೆಜ್ಜೆ ತಪ್ಪಿದರೂ ಉಳಿದ ಐವರ ಕೈಕಾಲಿಗೆ ಅಪಾಯ. ಸೇತುವೆಯನ್ನು ಈಚೆ ದಡದಲ್ಲೇ ಜೋಡಿಸುತ್ತಾ ರೋಲರ್‌ಗಳ ಮೇಲೆ ಆಚೆ ದಡಕ್ಕೆ ನೂಕುತ್ತಾರೆ. ಹಿಂದಿನ ಭಾರ ಕಡಿಮೆಯಾದರೆ ಮೂತಿ ನದಿಗೆ ಬೀಳುತ್ತದೆ. ಲೆಕ್ಕ ಹಾಕಿ ನಕ್ಷೆ ಕೊಡುವವರು ಅಧಿಕಾರಿ. ಯಾರನ್ನು ಯಾವ ಜಾಗಕ್ಕೆ ನಿಲ್ಲಿಸಬೇಕು, ಯಾರ ಭುಜ ಸೋತಿದೆ, ಯಾರು ಸೋತರೂ ಬಾಯಿಬಿಡುವುದಿಲ್ಲ, ಯಾವ ಪಿನ್ನು ಪೂರ್ತಿ ಕೂತಿಲ್ಲ ಎಂದು ಕತ್ತಲಲ್ಲಿ, ಮಳೆಯಲ್ಲಿ ನೋಡುವವನು ಹವಾಲ್ದಾರ. ಅವನು ‘ತಡೀರಿ’ ಅಂದರೆ ಕ್ಯಾಪ್ಟನ್ನೂ ತಡೆಯಬೇಕು. ಒಳ್ಳೆಯ ಯೂನಿಟ್ಟಿನಲ್ಲಿ ತಡೆಯುತ್ತಾರೆ.

2024ರ ಜುಲೈ ಕೊನೆಯಲ್ಲಿ ವಯನಾಡಿನ ಗುಡ್ಡ ಕುಸಿದಾಗ ಚೂರಲ್‌ಮಲದಲ್ಲಿ ನಮ್ಮ ಸ್ಯಾಪರ್ಸ್, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್, 190 ಅಡಿಯ ಬೈಲಿ ಸೇತುವೆಯನ್ನು ಹಗಲು ರಾತ್ರಿ ದುಡಿದು ನಿಲ್ಲಿಸಿತು. ಆಗಸ್ಟ್ 1ರ ಸಂಜೆಗೆ ಅದು ಸಿದ್ಧವಾಗಿತ್ತು. ಸೇತುವೆಯ ಮೇಲೆ ನಿಂತ ಮೇಜರ್ ಸೀತಾ ಶೆಳ್ಕೆ ಅವರ ಚಿತ್ರ ದೇಶದ ತುಂಬ ಹರಡಿತು. ಅವರಿಗೆ ಸಂದ ಗೌರವ ನ್ಯಾಯವಾದದ್ದು, ಒಬ್ಬ ಹೆಣ್ಣುಮಗಳು ಸ್ಯಾಪರ್‌ಗಳ ಮುಂದೆ ನಿಂತು ಕೆಲಸ ಮಾಡಿಸಿದ್ದನ್ನು ನೋಡಿ ನನಗೆ ಹೆಮ್ಮೆಯಾಯಿತು. ನನ್ನ ಮಾತು ಇಷ್ಟೇ: ಸೇತುವೆಯ ಹತ್ತು ಅಡಿಯ ಭಾಗಗಳಾದ ‘ಬೇ’ಗಳ ಲೆಕ್ಕದಲ್ಲಿ 190 ಅಡಿ ಅಂದರೆ ಹತ್ತೊಂಬತ್ತು ಬೇ. ಪ್ರತಿಯೊಂದನ್ನೂ ಹೊಂದಿಸಿ ನೂಕಿಸಿದ ಹವಾಲ್ದಾರ, ನಾಯಕ್‌ಗಳ ಬಗ್ಗೆ ಒಬ್ಬ ವರದಿಗಾರನೂ ಕೇಳಿದಂತೆ ಕಾಣಲಿಲ್ಲ.

1971ರ ಬಸಂತರ್ ಕದನದ ವಿಷಯದಲ್ಲೂ ಇದೇ ಆಯಿತು. ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಅವರ ಟ್ಯಾಂಕಿನ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಆ ಟ್ಯಾಂಕುಗಳು ದಾಟಲು ನೆಲಬಾಂಬುಗಳ ನಡುವೆ ದಾರಿ ತೆರವು ಮಾಡುತ್ತಿದ್ದದ್ದು ಮದ್ರಾಸ್ ಸ್ಯಾಪರ್‌ಗಳ 9 ಎಂಜಿನಿಯರ್ ರೆಜಿಮೆಂಟ್. ಅದರ ಮೇಜರ್ ವಿಜಯ್ ರತ್ತನ್ ಚೌಧರಿ ಅಲ್ಲೇ ಪ್ರಾಣ ಕೊಟ್ಟು ಮಹಾವೀರ ಚಕ್ರ ಪಡೆದರು. ಶೆಲ್ ಬೀಳುತ್ತಿರುವಾಗ ಓಡಲು ಬಯಸುವ ಕಾಲನ್ನು ನಿಲ್ಲಿಸಿ ಅಂಗುಲ ಅಂಗುಲ ಹುಡುಕಿಸುವುದು ಗದರಿಕೆಯಿಂದ ಆಗುವ ಕೆಲಸವಲ್ಲ. ಹುಡುಕುವವನ ಪಕ್ಕದಲ್ಲೇ, ಅವನಷ್ಟೇ ಅಪಾಯದಲ್ಲಿ, ಸೆಕ್ಷನ್ ಕಮಾಂಡರ್ ಇರಬೇಕು. ನಮ್ಮ ಪಡೆಯಲ್ಲಿ ಈ ಮೌಲ್ಯಕ್ಕೆ ಒಂದು ಹೆಸರಿದೆ: ಸುಬೇದಾರ್ ಸುಬ್ರಮಣಿಯನ್. 1944ರ ಫೆಬ್ರವರಿ 24ರಂದು ಇಟಲಿಯ ಮಿಗ್ನಾನೋ ಬಳಿ ಒಬ್ಬನ ಕಾಲು ನೆಲಬಾಂಬಿನ ಮೇಲೆ ಬಿತ್ತು. ಸಿಡಿಯಲು ಕೆಲವೇ ಕ್ಷಣ. ಸುಬ್ರಮಣಿಯನ್ ಅದರ ಮೇಲೆ ಬಿದ್ದು ಜೊತೆಗಾರರನ್ನು ಉಳಿಸಿದರು, ತಾವು ಹೋದರು. ಅವರಿಗೆ ಜಾರ್ಜ್ ಕ್ರಾಸ್ ಸಂದಿತು. ರಂಗರೂಟರಿಗೆ ಉಸ್ತಾದ್‌ಗಳು ಈ ಘಟನೆ ಹೇಳುವಾಗ ಪದಕದ ವಿಚಾರ ಕೊನೆಗೆ ಬರುತ್ತಿತ್ತು, ಆ ಸಾಹೇಬರು ತಮ್ಮ ಜನರ ಹತ್ತಿರವೇ ಇದ್ದರು ಎಂಬುದು ಮೊದಲು ಬರುತ್ತಿತ್ತು.

ಈ ನಡುಹಂತದವರ ಕರ್ತವ್ಯಗಳನ್ನು ಹೊರಗಿನವರು ಬಹಳ ಬಾರಿ ಕವಾಯತಿನ ಕೂಗಿಗೆ ಇಳಿಸಿಬಿಡುತ್ತಾರೆ. ಲ್ಯಾನ್ಸ್ ನಾಯಕ್‌ಗೆ ತೋಳಿನ ಮೇಲೆ ಒಂದು ಪಟ್ಟಿ, ನಾಯಕ್‌ಗೆ ಎರಡು, ಹವಾಲ್ದಾರನಿಗೆ ಮೂರು. ನಾಯಿಬ್ ಸುಬೇದಾರನಿಂದ ಮೇಲೆ ಜೆ.ಸಿ.ಓ.ಗಳು, ಅಂದರೆ ಜೂನಿಯರ್ ಕಮಿಷನ್ಡ್ ಆಫೀಸರ್‌ಗಳು. ಕಾಲಾಳು ಪಡೆಯಲ್ಲಿ ಸುಮಾರು ಹತ್ತು ಜನರ ಸೆಕ್ಷನ್ನಿಗೆ ಹವಾಲ್ದಾರ ಮುಖ್ಯಸ್ಥ. ಆಯುಧ ತಪಾಸಣೆ, ಸಂಜೆಯ ಗಿನತಿ, ಕಾವಲಿನ ಸರದಿ ಎಲ್ಲ ಅವನದು. ಕಂಪನಿ ಹವಾಲ್ದಾರ್ ಮೇಜರ್ ಶಿಸ್ತು, ಡ್ಯೂಟಿಗಳನ್ನು ನೋಡಿಕೊಂಡರೆ, ಕ್ವಾರ್ಟರ್‌ಮಾಸ್ಟರ್ ಹವಾಲ್ದಾರ ಪಡಿತರ, ಬಟ್ಟೆಬರೆಗಳ ಹೊಣೆ ಹೊರುತ್ತಾನೆ. 1965ರಲ್ಲಿ ಖೇಮ್‌ಕರಣ್‌ನಲ್ಲಿ ಟ್ಯಾಂಕುಗಳನ್ನು ಹೊಡೆದು ಪರಮವೀರ ಚಕ್ರ ಪಡೆದ ಅಬ್ದುಲ್ ಹಮೀದ್ ಅಂಥ ಕ್ವಾರ್ಟರ್‌ಮಾಸ್ಟರ್ ಹವಾಲ್ದಾರರೇ. ಜನ ತಿನ್ನುವ ಮೊದಲು ತಾನು ತಿನ್ನದಿರುವುದು, ಮನೆಯಿಂದ ಕೆಟ್ಟ ಸುದ್ದಿ ಬಂದವನಿಗೆ ಆ ರಾತ್ರಿ ಒಂಟಿ ಕಾವಲು ಹಾಕದಿರುವುದು, ತಪ್ಪನ್ನು ಮುಚ್ಚಿಡದೆ ಸಾಹೇಬರಿಗೆ ಹೇಳುವುದು, ಹೇಳಿದ ಮೇಲೆ ಆ ಹುಡುಗನ ಪರವಾಗಿ ನಿಲ್ಲುವುದು, ಇವು ಯಾವ ಚಾರ್ಟಿನಲ್ಲೂ ಬರೆದಿರದ ಕರ್ತವ್ಯಗಳು. ಎತ್ತರದ ಪೋಸ್ಟುಗಳಲ್ಲಿ ಜವಾನರ ಕಾಲುಚೀಲ ಬಿಚ್ಚಿಸಿ ಬೆರಳು ನೋಡುವುದೂ ಅವನದೇ ಕೆಲಸ. ಒಂದು ದಿನ ತಪ್ಪಿದರೆ ಹಿಮಕ್ಕೆ ಬೆರಳು ಹೋಗುತ್ತದೆ.

ಸಿಯಾಚಿನ್ ಅಂದಾಗ ಕನ್ನಡಿಗರಿಗೆ ನೆನಪಾಗುವವರು ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರವರಿ 3ರಂದು ಸುಮಾರು 19,600 ಅಡಿ ಎತ್ತರದಲ್ಲಿ 19 ಮದ್ರಾಸ್‌ನ ಹತ್ತು ಮಂದಿ ಹಿಮಕುಸಿತದಲ್ಲಿ ಸಿಕ್ಕಿಕೊಂಡರು. ಹನುಮಂತಪ್ಪ ಜೀವಂತ ಸಿಕ್ಕಿ, 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಹತ್ತರಲ್ಲಿ ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ್ ಅವರೂ ಇದ್ದರು. ಹಿಮದಡಿ ಬದುಕಿದ್ದ ದಿನಗಳ ಬಗ್ಗೆ ಪತ್ರಿಕೆಗಳು ಬಹಳ ಬರೆದವು. ಅಂಥ ಪೋಸ್ಟಿನಲ್ಲಿ ಒಬ್ಬ ಸುಬೇದಾರ, ಒಬ್ಬ ಲ್ಯಾನ್ಸ್ ನಾಯಕ್ ಬೆಳಗಿನಿಂದ ರಾತ್ರಿಯವರೆಗೆ ಏನು ಮಾಡುತ್ತಾರೆ ಎಂದು ಬರೆದವರು ಕಡಿಮೆ.

ತರಬೇತಿಯ ಮಟ್ಟಿಗೆ ಕರ್ನಾಟಕಕ್ಕೆ ಹೆಮ್ಮೆಯ ಜಾಗವಿದೆ. ಇನ್‌ಫೆಂಟ್ರಿ ಸ್ಕೂಲಿನ ಜೂನಿಯರ್ ಲೀಡರ್ಸ್ ವಿಂಗ್ ಇರುವುದು ಬೆಳಗಾವಿಯಲ್ಲಿ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವೂ ಅಲ್ಲೇ. 2021ರ ಮೇ 8ರಂದು ಮಿಲಿಟರಿ ಪೊಲೀಸ್ ಪಡೆಯ ಮೊದಲ 83 ಮಹಿಳಾ ಸೈನಿಕರು ತರಬೇತಿ ಮುಗಿಸಿ ಹೊರಬಂದದ್ದು ಬೆಂಗಳೂರಿನಲ್ಲಿ. ಅವರಲ್ಲಿ ಮುಂದೆ ಹವಾಲ್ದಾರರು, ಸುಬೇದಾರರು ಬರುತ್ತಾರೆ. ಅವರ ನಾಯಕತ್ವದ ರೀತಿಯನ್ನು ಈಗಿನಿಂದಲೇ ದಾಖಲಿಸಲು ಶುರು ಮಾಡಬೇಕು.

ಹೊರದೇಶಗಳಲ್ಲಿ ಈ ಹಂತವನ್ನು ಬೆಳೆಸಿದ ಬಗೆ ನಮಗೂ ಪಾಠ. ಅಮೆರಿಕದವರು 1966ರಲ್ಲೇ ಇಡೀ ಸೇನೆಗೆ ಒಂದು ಸಾರ್ಜೆಂಟ್ ಮೇಜರ್ ಹುದ್ದೆ ಮಾಡಿದರು. ಮರುವರ್ಷವೇ ವಿಯೆಟ್ನಾಂನ ಒತ್ತಡಕ್ಕೆ, ಹೊಸಬರನ್ನು ಕೆಲವೇ ತಿಂಗಳಲ್ಲಿ ಸಾರ್ಜೆಂಟರಾಗಿಸುವ ಕೋರ್ಸನ್ನೂ ತೆರೆದರು. ಹಾಗೆ ಬಂದವರಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ, ಆದರೆ ಜನರೊಡನೆ ವರ್ಷಗಟ್ಟಲೆ ಬದುಕಿ ಬರುವ ಅಧಿಕಾರ ಅವರಿಗೆ ದಕ್ಕಲು ಸಮಯವೇ ಇರಲಿಲ್ಲ. ಆಮೇಲೆ ಆ ಸೇನೆ ತನ್ನ ಸಾರ್ಜೆಂಟರ ಶಿಕ್ಷಣವನ್ನು ಬುಡದಿಂದ ಕಟ್ಟಬೇಕಾಯಿತು.

2022ರ ಜೂನ್‌ನಲ್ಲಿ ಬಂದ ಅಗ್ನಿಪಥ ಯೋಜನೆಯ ಬಗ್ಗೆ ನಡೆದ ಚರ್ಚೆಯಲ್ಲಿ ನಾನು ಹುಡುಕಿದ್ದು ನಡುಹಂತದ ನಾಯಕರು ಬೆಳೆಯುವ ಈ ವಿಷಯವನ್ನೇ. ಪಿಂಚಣಿ, ಉದ್ಯೋಗ, ಸರಾಸರಿ ವಯಸ್ಸುಗಳ ಮಾತು ಸಾಕಷ್ಟು ಬಂತು. ಆದರೆ ಯೋಜನೆಯಲ್ಲಿ ಸೇರಿದ ಅಗ್ನಿವೀರರಲ್ಲಿ ನಾಲ್ಕು ವರ್ಷದ ಕೊನೆಗೆ ಶೇಕಡ 25ರವರೆಗೆ ಮಾತ್ರ ಉಳಿಸಿಕೊಳ್ಳುವಾಗ ನಾಳೆಯ ನಾಯಕ್, ಹವಾಲ್ದಾರರನ್ನು ಆರಿಸಲು ಸಿಗುವವರು ಆ ಕಾಲು ಭಾಗದವರೇ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಿಂದ ಭರ್ತಿಗೆ ಓಡುವ ಹುಡುಗರು ಬೆಳಗಿನ ಜಾವ ನಾಲೆಯ ಏರಿಯ ಮೇಲೆ ಅಭ್ಯಾಸ ಮಾಡುವುದನ್ನು ನೋಡುತ್ತೇನೆ. ಅವರಲ್ಲಿ ವೇಗವಾಗಿ ಓಡುವವನನ್ನು ಗಡಿಯಾರ ಗುರುತಿಸುತ್ತದೆ, ಚೆನ್ನಾಗಿ ಬರೆಯುವವನನ್ನು ಪರೀಕ್ಷೆ ಗುರುತಿಸುತ್ತದೆ. ಹಿಂದೆ ಬಿದ್ದವನಿಗಾಗಿ ತನ್ನ ಓಟ ನಿಧಾನ ಮಾಡಿದವನನ್ನು ಗುರುತಿಸುವವನು ಅವನ ಜೊತೆ ಬ್ಯಾರಕ್ಕಿನಲ್ಲಿದ್ದ ಹವಾಲ್ದಾರ. ಮೊದಲ ಅಗ್ನಿವೀರರ ನಾಲ್ಕು ವರ್ಷ ತುಂಬಿ ಯಾರನ್ನು ಉಳಿಸಿಕೊಳ್ಳಬೇಕೆಂದು ಪಟ್ಟಿ ತಯಾರಾಗುವಾಗ, ಆ ಹವಾಲ್ದಾರನ ಅಭಿಪ್ರಾಯಕ್ಕೆ ಪರೀಕ್ಷೆಯ ಅಂಕದಷ್ಟಾದರೂ ತೂಕ ಇರಬೇಕು.