ಕಾಲಾಣೆ ಕಮಿಷನ್ನಿನಿಂದ ಕೋಟಿ ಸಂಬಳದವರೆಗೆ

ದೊಡ್ಡ ಕಂಪನಿಯೊಂದರ ಮುಖ್ಯಸ್ಥನಿಗೆ ಎಷ್ಟು ಸಂಬಳ ಸಲ್ಲಬೇಕು? ಭಾರತದಲ್ಲಿ ಈ ಪ್ರಶ್ನೆಗೆ ಮಾರುಕಟ್ಟೆಗಿಂತ ಹೆಚ್ಚಾಗಿ ಕಾಯಿದೆಯೇ ಉತ್ತರ ಹೇಳುತ್ತ ಬಂದಿದೆ. ಎಷ್ಟು ಎಂಬುದರಷ್ಟೇ ಮುಖ್ಯವಾದುದು, ಯಾವುದಕ್ಕಾಗಿ ಎಂಬುದು.

19ನೇ ಶತಮಾನದಲ್ಲಿ ಮುಂಬಯಿಯ ಹತ್ತಿ ಗಿರಣಿಗಳನ್ನೂ ಕಲ್ಕತ್ತೆಯ ಸೆಣಬಿನ ಗಿರಣಿಗಳನ್ನೂ ನಡೆಸುತ್ತಿದ್ದವರು ಮ್ಯಾನೇಜಿಂಗ್ ಏಜೆಂಟರು. ಬಂಡವಾಳ ಹೂಡಿದವರು ನೂರಾರು ಷೇರುದಾರರು. ಆಡಳಿತ ಮಾತ್ರ ದೀರ್ಘ ಕರಾರಿನ ಮೇಲೆ ಒಂದು ಏಜೆನ್ಸಿಯ ಕೈಯಲ್ಲಿ. ಏಜೆಂಟರಿಗೆ ಸಲ್ಲುತ್ತಿದ್ದುದು ಸಂಬಳವಲ್ಲ, ಕಮಿಷನ್. ಮುಂಬಯಿಯ ಅನೇಕ ಗಿರಣಿಗಳಲ್ಲಿ ಅದು ತಯಾರಾದ ಪ್ರತಿ ಪೌಂಡಿಗೆ ಕಾಲಾಣೆ. ಇದರ ಪರಿಣಾಮವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮಾಲು ಲಾಭಕ್ಕೆ ಮಾರಲಿ, ನಷ್ಟಕ್ಕೆ ಮಾರಲಿ, ಗಿರಣಿ ತಿರುಗಿದಷ್ಟೂ ಏಜೆಂಟನಿಗೆ ಆದಾಯ. ಷೇರುದಾರನಿಗೆ ಲಾಭಾಂಶ ಬಾರದ ವರ್ಷದಲ್ಲೂ ಏಜೆಂಟನ ಗಂಟು ಕರಗುತ್ತಿರಲಿಲ್ಲ. ದೂರುಗಳು ಹೆಚ್ಚಿದ ಮೇಲೆ ಕಮಿಷನ್ನನ್ನು ಲಾಭದ ಮೇಲೆ ಲೆಕ್ಕ ಹಾಕುವ ರೂಢಿ ಕ್ರಮೇಣ ಬೆಳೆಯಿತು.

ಸ್ವಾತಂತ್ರ್ಯಾನಂತರ 1956ರ ಕಂಪನಿ ಕಾಯಿದೆ, ಆಡಳಿತ ನಡೆಸುವವರ ಒಟ್ಟು ಪ್ರತಿಫಲ ನಿವ್ವಳ ಲಾಭದ ಶೇಕಡಾ 11ನ್ನು ಮೀರಬಾರದೆಂದು ವಿಧಿಸಿತು. 1970ರ ಏಪ್ರಿಲ್‌ನಲ್ಲಿ ಏಜೆನ್ಸಿ ಪದ್ಧತಿಯೇ ರದ್ದಾಯಿತು. ಆ ಜಾಗಕ್ಕೆ ಸಂಬಳದ ವ್ಯವಸ್ಥಾಪಕ ನಿರ್ದೇಶಕರು ಬಂದರು.

ಆದರೆ ಹೆಚ್ಚು ಸಂಬಳ ಪಡೆದೂ ಪ್ರಯೋಜನವಿರಲಿಲ್ಲ. 1973-74ರ ಹೊತ್ತಿಗೆ ಎರಡು ಲಕ್ಷ ರೂಪಾಯಿ ಮೀರಿದ ಆದಾಯದ ಮೇಲೆ ತೆರಿಗೆ, ಸರ್‌ಚಾರ್ಜ್ ಸೇರಿ, ಶೇಕಡಾ 97.75! ಅಂದರೆ ಆ ಮಿತಿಯಾಚೆಗಿನ ಪ್ರತಿ ರೂಪಾಯಿಯಲ್ಲಿ ಕೈಗೆ ಉಳಿಯುತ್ತಿದ್ದುದು ಎರಡೂಕಾಲು ಪೈಸೆ. ಹಾಗಾಗಿ ಸಂಬಳ ಬೇರೆ ವೇಷ ತೊಟ್ಟಿತು. ಬಂಗಲೆ, ಕಾರು, ಡ್ರೈವರ್, ಕ್ಲಬ್ಬಿನ ಸದಸ್ಯತ್ವ ಎಲ್ಲವೂ ಕಂಪನಿಯ ಖರ್ಚಿನಲ್ಲಿ. ಕಾಗದದ ಮೇಲೆ ಸಮಾನತೆ ಹೆಚ್ಚಿತ್ತು. ನಿಜದಲ್ಲಿ ಎಷ್ಟಿತ್ತೆಂದು ಹೇಳುವುದು ಕಷ್ಟ.

1991ರ ಆರ್ಥಿಕ ಸುಧಾರಣೆಗಳ ನಂತರ ಸರ್ಕಾರದ ಬಿಗಿ ಸಡಿಲಿತು. 1997ರಲ್ಲಿ ಗರಿಷ್ಠ ತೆರಿಗೆ ದರ ಶೇಕಡಾ 30ಕ್ಕೆ ಇಳಿಯಿತು. ನಮ್ಮ ದೇಶದಲ್ಲಿ ನೌಕರರಿಗೆ ಷೇರು ನೀಡಿದ ಮೊದಮೊದಲ ಕಂಪನಿಗಳಲ್ಲಿ ಬೆಂಗಳೂರಿನ ಇನ್ಫೋಸಿಸ್ ಒಂದು. ಅದರ ಯೋಜನೆ 1994ರದು. ಇಂಥ ಯೋಜನೆಗಳ ತತ್ತ್ವ ಸರಳ. ಇಂದು 100 ರೂಪಾಯಿಯ ಷೇರನ್ನು ಮುಂದೆಯೂ ಅದೇ ಬೆಲೆಗೆ ಕೊಳ್ಳುವ ಹಕ್ಕು ನೌಕರನಿಗೆ ಸಿಗುತ್ತದೆ. ಬೆಲೆ 500 ಆದರೆ 400 ಅವನದು. ಕಂಪನಿ ಬೆಳೆದರೆ ತಾನೂ ಬೆಳೆಯುತ್ತೇನೆಂಬ ಭಾವನೆ ಇದರಿಂದ ಹುಟ್ಟುತ್ತದೆ. ಆದರೆ ಇಡೀ ಪೇಟೆಯೇ ಏರಿದಾಗ ಏನೂ ಮಾಡದ ಅಧಿಕಾರಿಯ ಷೇರೂ ಏರುತ್ತದೆ. ಇಲ್ಲಿ ಹಳೆಯ ಕಾಲಾಣೆಯ ನೆನಪಾಗದಿರದು.

2013ರ ಕಂಪನಿ ಕಾಯಿದೆ ಶೇಕಡಾ 11ರ ಮಿತಿಯನ್ನು ಉಳಿಸಿಕೊಂಡಿತು. ಅದನ್ನು ಮೀರಲು ಸರ್ಕಾರದ ಅನುಮತಿ ಬೇಕಿತ್ತು. 2018ರಿಂದ ಷೇರುದಾರರ ವಿಶೇಷ ನಿರ್ಣಯವೇ ಸಾಕು. ಇದೇ ಕಾಯಿದೆ ಷೇರುಪೇಟೆಯ ಕಂಪನಿಗಳಿಗೆ ಇನ್ನೊಂದು ಕಟ್ಟಳೆಯನ್ನೂ ಹಾಕಿತು: ನೌಕರರ ಸಂಬಳದ ಮಧ್ಯಾಂಕಕ್ಕೆ ಹೋಲಿಸಿದರೆ ಪ್ರತಿಯೊಬ್ಬ ನಿರ್ದೇಶಕನ ಪ್ರತಿಫಲ ಎಷ್ಟು ಪಟ್ಟು ಎಂಬುದನ್ನು ಬಹಿರಂಗಪಡಿಸಬೇಕು. 2017ರಲ್ಲಿ ಇನ್ಫೋಸಿಸ್‌ನ ಹಿರಿಯ ಅಧಿಕಾರಿಯೊಬ್ಬರ ಸಂಬಳ ಏರಿಕೆಯನ್ನು ಸಂಸ್ಥಾಪಕ ನಾರಾಯಣ ಮೂರ್ತಿಯವರೇ ಬಹಿರಂಗವಾಗಿ ವಿರೋಧಿಸಿದರು. ಕೆಳಗಿನ ನೌಕರರಿಗೆ ಅಲ್ಪ ಏರಿಕೆ, ಮೇಲಿನವರಿಗೆ ಭಾರಿ ಏರಿಕೆ ನ್ಯಾಯವಲ್ಲ ಎಂಬುದು ಅವರ ವಾದ. ಆದರೂ ಷೇರುದಾರರ ಮತದಿಂದ ನಿರ್ಣಯ ಅಂಗೀಕಾರವಾಯಿತು.