ರೂಸೋ, ಜಾನ್ ಜಾಕ್ (ಸಂಗೀತಗಾರನಾಗಿ)

1712–1778. ಜಿನೀವಾದಲ್ಲಿ ಹುಟ್ಟಿದ ತತ್ತ್ವಚಿಂತಕ, ಸಂಗೀತ ರಚನಕಾರ. ರಾಜ್ಯತತ್ತ್ವದ ಗ್ರಂಥಗಳಿಂದ ಹೆಸರಾದರೂ ಎಷ್ಟೋ ವರ್ಷ ಹೊಟ್ಟೆಪಾಡಿಗೆ ನೆಚ್ಚಿದ್ದು ಸ್ವರಲಿಪಿ ನಕಲು ಮಾಡುವ ಕೆಲಸವನ್ನು, ಪುಟಕ್ಕಿಷ್ಟೆಂದು ಕೂಲಿ. 1742ರಲ್ಲಿ ಸ್ವರಗಳನ್ನು ಅಂಕಿಗಳಲ್ಲಿ ಬರೆಯುವ ಪದ್ಧತಿಯೊಂದನ್ನು ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟ, ಪುರಸ್ಕಾರ ಸಿಗಲಿಲ್ಲ. ಸರಿಗಮ ಅಕ್ಷರಗಳಲ್ಲೇ ಕೃತಿ ಬರೆದುಕೊಳ್ಳುವ ನಮಗೆ ಅದು ಅಷ್ಟೇನೂ ವಿಚಿತ್ರವೆನಿಸದು. ದಿದರೋನ ವಿಶ್ವಕೋಶಕ್ಕೆ ಸಂಗೀತದ ಲೇಖನಗಳನ್ನು ಒದಗಿಸಿದವನೂ ಈತನೇ. 1752ರಲ್ಲಿ ಈತನ ‘ಹಳ್ಳಿಯ ಕಣಿಗಾರ’ ಗೀತನಾಟಕವು ಫೊಂತೆನ್‌ಬ್ಲೋ ಅರಮನೆಯಲ್ಲಿ 15ನೆಯ ಲೂಯಿಯ ಎದುರು ನಡೆದು ಮೆಚ್ಚುಗೆ ಗಳಿಸಿತು. ಸಾಹಿತ್ಯ, ಸಂಗೀತ ಎರಡೂ ಸ್ವಂತದ್ದು. ಮರುದಿನ ದೊರೆಯನ್ನು ಕಂಡಿದ್ದರೆ ವರ್ಷಾಶನ ದೊರೆಯುವ ಸಂಭವವಿತ್ತು. ಹೋಗಲಿಲ್ಲ: ಸ್ವಾತಂತ್ರ್ಯ ಕಳೆದೀತೆಂಬ ಅಳುಕು, ಜೊತೆಗೆ ಮೂತ್ರಬಾಧೆ. ಮರುವರ್ಷವೇ ಫ್ರೆಂಚ್ ಭಾಷೆ ಹಾಡುವುದಕ್ಕೆ ಒಗ್ಗದೆಂದು ವಾದಿಸಿ ಪ್ಯಾರಿಸನ್ನು ಕೆರಳಿಸಿದ, ಗೀತನಾಟಕವಿದ್ದದ್ದು ಫ್ರೆಂಚಿನಲ್ಲೇ.